ಕೊರೊನಾ ಹೋಯಿತು, ಕೆಮ್ಮು ಯಾಕೆ ಹೋಗುತ್ತಿಲ್ಲ?

ಕಲಬುರಗಿಯ ಯಾವ ದವಾಖಾನೆಯಲ್ಲಾದರೂ ಅರ್ಧ ಗಂಟೆ ಕೂತು ನೋಡಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಕರೋನಾ ಆದಾಗಿಂದ ಮೈಯಾಗ ತಾಕತ್ತೇ ಉಳದಿಲ್ರಿ. ತಿಂಗಳಿಗೊಮ್ಮೆ ನೆಗಡಿ, ಕೆಮ್ಮು ಇದ್ದೇ ಅದ." ಗೋಳು ಎಲ್ಲರದೂ ಒಂದೇ, ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ವೈರಸ್ಸೇ ಒಳಗಿನ ಶಕ್ತಿಯನ್ನು ತಿಂದು ಹಾಕಿತು ಅಂತ ಒಬ್ಬರು. ಇನ್ನೊಬ್ಬರಿಗೆ ಲಸಿಕೆಯ ಮೇಲೆ ಅನುಮಾನ. ಎರಡು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದೇ ಮುಳುವಾಯಿತು ಅಂತ ಮತ್ತೊಬ್ಬರು. ಪಕ್ಕದಲ್ಲಿ ಕೂತ ಹಿರಿಯರು ಎಲ್ಲಕ್ಕೂ ಧೂಳೇ ಕಾರಣ ಅಂತ ಮಾತು ಮುಗಿಸುತ್ತಾರೆ. ಇದರಲ್ಲಿ ಯಾವುದು ಎಷ್ಟು ನಿಜ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಡ್ಡು ಬಂದು ಹೋದ ಮೇಲೂ ಬಾಲ ಉಳಿಸುವುದು ಈ ಭಾಗಕ್ಕೆ ಹೊಸದೇನಲ್ಲ. 1918ರಲ್ಲಿ ಹಡಗಿನಲ್ಲಿ ಮುಂಬೈಗೆ ಬಂದು, ರೈಲು ಹತ್ತಿ ದೇಶವೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಆಮೇಲೆ ಎಷ್ಟೋ ಜ್ವರಗಳು ಬಂದವು, ಹೋದವು. 2006ರ ಹೊತ್ತಿನ ಚಿಕುನ್‌ಗುನ್ಯಾ ಮಾತ್ರ ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿದೆ. ಜ್ವರ ನಾಲ್ಕೈದು ದಿನಕ್ಕೆ ಇಳಿಯಿತು, ಕೀಲುನೋವು ತಿಂಗಳುಗಟ್ಟಲೆ ಕಾಡಿತು. ಆದರೆ ಆಗ ಯಾರೂ ಇಮ್ಯುನಿಟಿ ಹೋಯಿತು ಅಂತ ಅನ್ನಲಿಲ್ಲ. ಆ ಮಾತು ಮನೆ ಮನೆಗೆ ಬಂದಿದ್ದು 2020ರಲ್ಲಿ.

ಅದಕ್ಕೆ ಕಲಬುರಗಿಯಲ್ಲಿ ಬೇರೆಯದೇ ತೂಕ ಇತ್ತು. ಸೌದಿಯಿಂದ ವಾಪಸ್ ಬಂದಿದ್ದ ನಗರದ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಕಾರಣ ಕೊರೊನಾ ಅಂತ 12ರಂದು ಖಚಿತವಾಯಿತು. ದೇಶದ ಮೊದಲ ಕೊರೊನಾ ಸಾವು ಅದು. ಬೇರೆ ಊರುಗಳಿಗೆ ಇದಿನ್ನೂ ಟಿವಿ ಸುದ್ದಿಯಾಗಿದ್ದಾಗಲೇ ಇಲ್ಲಿ ಅಂಗಡಿಗಳು ಬಾಗಿಲು ಎಳೆದವು. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲೇ ಜನ ಜನರನ್ನು ಕಂಡರೆ ದೂರ ಸರಿದರು. ಮಾರ್ಚ್ 25ರಿಂದ ಇಡೀ ದೇಶವೇ ಬಂದ್. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋದವರು ಊರಿಗೆ ಮರಳಿದರು. ಯಾದಗಿರಿ, ಕಲಬುರಗಿಯ ಶಾಲೆ, ಹಾಸ್ಟೆಲ್‌ಗಳೆಲ್ಲ ಕ್ವಾರಂಟೈನ್ ಆದವು.

ಔಷಧ ಇಲ್ಲ, ಲಸಿಕೆ ಇಲ್ಲ. ಕೈಯಲ್ಲಿ ಇದ್ದದ್ದು ಕಾಢಾ, ಅಂದರೆ ಕಷಾಯ ಒಂದೇ.

ಆಯುಷ್ ಸಚಿವಾಲಯ 2020ರ ಮಾರ್ಚ್ ಕೊನೆಗೆ ಒಂದು ಸಲಹೆ ಹೊರಡಿಸಿತು. ಬಿಸಿನೀರು, ಅರಿಶಿನ ಹಾಕಿದ ಹಾಲು, ಚ್ಯವನಪ್ರಾಶ, ಜೊತೆಗೆ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯ ದಿನಕ್ಕೆ ಒಂದೆರಡು ಸಲ. ಇದರಿಂದ ಕೊರೊನಾ ವಾಸಿಯಾಗುತ್ತದೆ ಅಂತ ಆ ಸಲಹೆಯಲ್ಲಿ ಎಲ್ಲೂ ಇರಲಿಲ್ಲ. ಆದರೆ ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟುವಷ್ಟರಲ್ಲಿ ಅಳತೆ ಹೋಯಿತು, ಎಚ್ಚರಿಕೆ ಹೋಯಿತು. ಬೆಳಿಗ್ಗೆ ಎದ್ದ ಕೂಡಲೇ ಒಲೆಯ ಮೇಲೆ ಸ್ಟೀಲ್ ಪಾತ್ರೆ. ಅಜವಾನ, ಲವಂಗ, ಮುಷ್ಟಿ ಮೆಣಸು, ಬೇಲಿಯಿಂದ ಕಿತ್ತು ತಂದ ಅಮೃತಬಳ್ಳಿ, ಮೇಲೆ ಬೆಲ್ಲ. ದಿನಕ್ಕೆ ಮೂರು ಸಲ, ಮಕ್ಕಳಿಗೂ. ಹೊರಗೆ 43 ಡಿಗ್ರಿ ಬಿಸಿಲು, ಒಳಗೆ ಈ ಕಾಢಾ. ಎದೆಯುರಿ, ಬಾಯಿಹುಣ್ಣು ಅಂತ ಜನ ಒದ್ದಾಡಿದರೆ, ಅದು 'ಔಷಧಿ ಕೆಲಸ ಮಾಡ್ಲಿಕತ್ತಿದ್ದರ ಗುರುತು' ಅಂತ ಸಮಾಧಾನ ಹೇಳುವವರೂ ಇದ್ದರು! ಅಮೃತಬಳ್ಳಿ ವಿಪರೀತ ಕುಡಿದ ಕೆಲವರ ಲಿವರ್‌ಗೆ ಪೆಟ್ಟಾಗಿದೆ ಅಂತ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಇನ್ನೂ ಪೂರ್ತಿ ತೀರಿಲ್ಲ.

ಔಷಧಿ ಅಂಗಡಿಯಲ್ಲಿ ಇನ್ನೊಂದು ನಡೆದಿತ್ತು. ಜಿಂಕ್ ಗುಳಿಗೆ, ಚೀಪುವ ವಿಟಮಿನ್ ಸಿ ಗುಳಿಗೆ ಸಿಗದಂತಾದವು. ವಿಟಮಿನ್ ಸಿ ದಿನಾ ತಿಂದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ತಪ್ಪುವುದಿಲ್ಲ, ಬಂದಾಗ ಸ್ವಲ್ಪ ಬೇಗ ಇಳಿಯಬಹುದು ಅಷ್ಟೇ. ಇದು ಕೊರೊನಾಕ್ಕೆ ಬಹಳ ಮೊದಲೇ ಗೊತ್ತಿದ್ದ ಸಂಗತಿ. ಆದರೆ ಆ ದಿನಗಳಲ್ಲಿ ಇಂಥದ್ದನ್ನು ಹೇಳಿದರೆ ಯಾರು ಕೇಳುತ್ತಿದ್ದರು? ಹೆದರಿದವರ ಕೈಗೆ ಏನಾದರೂ ಒಂದು ಬೇಕಿತ್ತು.

2021ರ ಏಪ್ರಿಲ್, ಮೇ ತಿಂಗಳು ಬೇರೆಯದೇ ಪಾಠ ಕಲಿಸಿತು. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ ಅಂತ ಜನ ಬೀದರ್‌ನಿಂದ ಹೈದರಾಬಾದ್‌ಗೆ, ಯಾದಗಿರಿಯಿಂದ ಕಲಬುರಗಿಗೆ ಅಲೆದರು. ಆಗ ಜೀವ ಉಳಿಸಿದ ಔಷಧಗಳಲ್ಲಿ ದೊಡ್ಡದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್. ಅದು ಮಾಡುವ ಕೆಲಸ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಲ್ಲ, ತಗ್ಗಿಸುವುದು! ಎಷ್ಟೋ ಜನರ ಶ್ವಾಸಕೋಶ ಹಾಳಾಗಿದ್ದು ವೈರಸ್‌ಗಿಂತ ಜಾಸ್ತಿಯಾಗಿ ಅದರ ಮೇಲೆ ಕಟ್ಟು ಮೀರಿ ಬಿದ್ದ ತಮ್ಮದೇ ದೇಹದ ರಕ್ಷಣಾ ಕಣಗಳಿಂದ. ಅದೇ ಸ್ಟೆರಾಯ್ಡನ್ನು ಆಕ್ಸಿಜನ್ ಬೇಕಿಲ್ಲದವರಿಗೂ ಕೊಟ್ಟಿದ್ದು, ಅದರ ಮೇಲೆ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದು, ಎರಡೂ ಸೇರಿದಾಗ ಕಪ್ಪು ಶಿಲೀಂಧ್ರ ಬಂತು. ಶಕ್ತಿ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ ಅಂತ ಆ ಎರಡು ತಿಂಗಳಲ್ಲಿ ಕಣ್ಣೆದುರೇ ಕಂಡಿತು. ಆದರೂ 'ಬೂಸ್ಟ್' ಮಾಡುವ ಡಬ್ಬಿಗಳ ವ್ಯಾಪಾರಕ್ಕೆ ಏನೂ ಆಗಲಿಲ್ಲ.

ಈ ಗದ್ದಲದಲ್ಲಿ ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬರಲಿಲ್ಲ. ಮಾಸ್ಕ್, ಬಂದ್ ಇದ್ದಷ್ಟು ಕಾಲ ಫ್ಲೂ ಜಗತ್ತಿನಲ್ಲೇ ಹೆಚ್ಚು ಕಡಿಮೆ ಮಾಯವಾಗಿತ್ತು. ಫ್ಲೂನ ಒಂದು ಬಗೆ, ಬಿ ಯಮಗಾಟ, 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡೇ ಇಲ್ಲ. ಅದನ್ನು ಲಸಿಕೆಯಿಂದಲೇ ಕೈಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿಯೂ ಆಯಿತು. ಉಳಿದ ವೈರಸ್‌ಗಳು ಮಾತ್ರ ಎಲ್ಲೂ ಹೋಗಿರಲಿಲ್ಲ. ನಮ್ಮಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2019ರಲ್ಲಿ ಹುಟ್ಟಿದ ಮಗು ಮೊದಲ ಸಲ ಹತ್ತು ಮಕ್ಕಳ ಜೊತೆ ಕೂತಿದ್ದು ಅದರ ನಂತರ. ಸಾಮಾನ್ಯವಾಗಿ ಒಂದು, ಎರಡನೇ ವರ್ಷದಲ್ಲೇ ಬಂದು ಹೋಗುವ ನೆಗಡಿಗಳೆಲ್ಲ ಒಟ್ಟಿಗೇ ಬಂದವು. ಅಕ್ಕ ಶಾಲೆಯಿಂದ ತಂದದ್ದು ತಮ್ಮನಿಗೆ, ತಮ್ಮನದು ಅಮ್ಮನಿಗೆ, ಅಮ್ಮನದು ಅಜ್ಜಿಗೆ. ಮನೆಯಲ್ಲಿ ಒಬ್ಬರ ಕೆಮ್ಮು ನಿಲ್ಲುವಷ್ಟರಲ್ಲಿ ಇನ್ನೊಬ್ಬರದು ಶುರು.

ಫ್ರಾನ್ಸಿನ ಮಕ್ಕಳ ವೈದ್ಯರ ಒಂದು ತಂಡ 2021ರಲ್ಲೇ ಇದನ್ನು ಊಹಿಸಿ 'ಇಮ್ಯುನಿಟಿ ಸಾಲ' ಅಂತ ಕರೆದಿತ್ತು. ಹೆಸರು ಬೇಗ ಹಬ್ಬಿತು, ಅರ್ಥ ಅಷ್ಟೇ ಬೇಗ ಕೆಟ್ಟಿತು. ಆ ವೈದ್ಯರು ಹೇಳಿದ್ದು ಇಡೀ ಸಮುದಾಯದ ಬಗ್ಗೆ: ಸೋಂಕು ತಾಗದೇ ಉಳಿದವರ ಸಂಖ್ಯೆ ಬೆಳೆದರೆ, ಅದು ಮರಳಿದಾಗ ಒಮ್ಮೆಲೇ ಜಾಸ್ತಿ ಜನ ಮಲಗುತ್ತಾರೆ ಅಂತ. ಜನ ತಿಳಿದುಕೊಂಡಿದ್ದು, ಬಳಸದ ಬೀಗದ ಹಾಗೆ ನಮ್ಮ ನಮ್ಮ ದೇಹವೇ ತುಕ್ಕು ಹಿಡಿಯಿತು ಅಂತ. ಹಾಗೇನಿಲ್ಲ. ದೇಹದ ರಕ್ಷಣಾ ಕಣಗಳಿಗೆ ಮನೆಯೊಳಗೂ ದಿನವಿಡೀ ಕೆಲಸ ಇದ್ದೇ ಇರುತ್ತದೆ.

ಆಮೇಲಿನದು ಟಿವಿಯವರ ಕಾಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ಹಾಸನ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡರು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ನೆಗಡಿ-ಕೆಮ್ಮಿನ ವೈರಸ್ ಸಿಕ್ಕಾಗ ಮತ್ತೆ ಲಾಕ್‌ಡೌನ್ ಬರುತ್ತದಾ ಅಂತ ಬೀದರ್‌ನಲ್ಲಿ ಜನ ಗಾಬರಿಯಾದರು. ಎಚ್‌ಎಂಪಿವಿ ಪತ್ತೆಯಾಗಿದ್ದು 2001ರಲ್ಲಿ. ಐದು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಅದು ಒಮ್ಮೆ ಬಂದು ಹೋಗಿರುತ್ತದೆ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಸರಿ, ಸಾಲ ಅಂದರೂ ಇಷ್ಟು ವರ್ಷದಲ್ಲಿ ತೀರಬೇಕಿತ್ತು, ಅಲ್ವಾ? ತೀರಿದೆ ಅಂತಲೇ ಅನ್ನಬಹುದು. ಈಗ ಉಳಿದಿರುವುದರಲ್ಲಿ ಒಂದು ಪಾಲು ಲೆಕ್ಕದ್ದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ, ದೊಡ್ಡವರಿಗೆ ಎರಡು ಮೂರು ಸಲ ನೆಗಡಿ ಬರುವುದು ಕೊರೊನಾಕ್ಕೆ ಮೊದಲೂ ಮಾಮೂಲೇ ಆಗಿತ್ತು. ನೆಗಡಿಯ ಬೆನ್ನಿಗೆ ಬರುವ ಕೆಮ್ಮು ವಾರದಲ್ಲಿ ಹೋಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಸರಾಸರಿ ನೋಡಿದರೆ ಅದಕ್ಕೆ 18 ದಿನ ಹತ್ತಿರ ಬೇಕು. ಎರಡು ನೆಗಡಿ ಬೆನ್ನಿಗೆ ಬೆನ್ನಿಗೆ ಬಂದರೆ ಒಂದು ತಿಂಗಳ ಮೇಲೆ ಕೆಮ್ಮಿದಂತೆಯೇ. ಮೊದಲು ಇದನ್ನು ಯಾರೂ ಎಣಿಸುತ್ತಿರಲಿಲ್ಲ. ಈಗ ಮನೆಯಲ್ಲಿ ಥರ್ಮಾಮೀಟರ್ ಇದೆ, ಆಕ್ಸಿಮೀಟರ್ ಇದೆ, ಜೊತೆಗೆ ಭಯ ಇದೆ. ನೆಗಡಿ ತರುವ ಕೊರೊನಾ ಜಾತಿಯ ವೈರಸ್‌ಗಳು ಮನುಷ್ಯರಲ್ಲಿ ಮೊದಲೇ ನಾಲ್ಕಿದ್ದವು, ಈಗ ಐದನೆಯದೂ ಬಂದು ಕೂತಿದೆ. ಅಷ್ಟರ ಮಟ್ಟಿಗೆ ನೆಗಡಿ ಹೆಚ್ಚಾಗಿರುವುದು ನಿಜ.

ಕೊರೊನಾ ಬಂದು ಹೋದವರ ರಕ್ಷಣಾ ಕಣಗಳಲ್ಲಿ, ಅದರಲ್ಲೂ ಜೋರಾಗಿ ಬಂದಿದ್ದವರಲ್ಲಿ, ಕೆಲವು ತಿಂಗಳ ಕಾಲ ಏರುಪೇರು ಕಂಡಿದೆ. ಸುಸ್ತು, ಏದುಸಿರು ವರ್ಷಗಟ್ಟಲೆ ಉಳಿದವರೂ ಇದ್ದಾರೆ. ಅದನ್ನು ಸುಮ್ನೆ ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುವುದು ಅನ್ಯಾಯ. ಆದರೆ ಎಲ್ಲರ ರೋಗನಿರೋಧಕ ಶಕ್ತಿಯೂ ಶಾಶ್ವತವಾಗಿ ಹೋಯಿತು ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಲಸಿಕೆಯಿಂದ ಹೋಯಿತು ಅನ್ನುವುದಕ್ಕೂ ಇಲ್ಲ. ದೇಹದ ಹಳೆಯ ನೆನಪನ್ನೇ ಅಳಿಸುವ ವೈರಸ್ ಒಂದಿದೆ, ಅದು ದಡಾರ. ದಡಾರ ಬಂದು ಹೋದ ಮಗು ಹಿಂದೆ ಬಂದ ಜಡ್ಡುಗಳ ವಿರುದ್ಧ ಗಳಿಸಿದ್ದ ರಕ್ಷಣೆಯಲ್ಲಿ ಒಂದಷ್ಟನ್ನು ಕಳೆದುಕೊಳ್ಳುತ್ತದೆ. ಬಂದ್ ಕಾಲದಲ್ಲಿ ದೇಶದಲ್ಲಿ ತಪ್ಪಿಹೋದ ಲಸಿಕೆಗಳಲ್ಲಿ ದಡಾರದ್ದೂ ಇತ್ತು. 2022ರ ಕೊನೆಗೆ ಮುಂಬೈಯಲ್ಲಿ ದಡಾರ ಹಬ್ಬಿದಾಗ ಅಲ್ಲಿಗೆ ದುಡಿಯಲು ಹೋದ ನಮ್ಮವರು ಇನ್ನಷ್ಟು ಎಚ್ಚರ ಆಗಬೇಕಿತ್ತು. ಊರು ಬಿಟ್ಟು ಊರು ತಿರುಗುವ ಕುಟುಂಬದ 'ತಾಯಿ ಕಾರ್ಡ್' (ಮಗುವಿನ ಲಸಿಕೆ ಬರೆದಿಡುವ ಕಾರ್ಡ್) ತೆಗೆದು ನೋಡಿ, ದಡಾರ ಲಸಿಕೆ ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಡೋಸ್ ಆಗಿರಬೇಕು. ಎಷ್ಟೋ ಸಲ ಎರಡನೆಯ ಖಾನೆ ಖಾಲಿ ಇರುತ್ತದೆ.

ಇನ್ನು ನಮ್ಮ ಭಾಗದ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದಲ್ಲಿ ಮನೆ ಮನೆ ಸುತ್ತಿದ್ದು 2019ರಲ್ಲಿ, ಅಂದರೆ ಕೊರೊನಾ ಕಾಲಿಡುವ ಮೊದಲು. ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಹೆಂಗಸರಲ್ಲಿ ಅರ್ಧದ ಹತ್ತಿರ. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತೆ ಇರಲಿಲ್ಲ. ಕಬ್ಬಿಣ ಸಾಲದ, ಪ್ರೋಟೀನ್ ಸಾಲದ ದೇಹಕ್ಕೆ ಯಾವ ಜಡ್ಡು ಬಂದರೂ ಜೋರಾಗಿಯೇ ಬರುತ್ತದೆ, ತಡವಾಗಿಯೇ ಹೋಗುತ್ತದೆ. ಮೈಯಲ್ಲಿ ತಾಕತ್ತಿಲ್ಲ ಅನ್ನುವುದು ಸುಳ್ಳಲ್ಲ. ಅದು ಹೋದದ್ದು 2020ರಲ್ಲಿ ಅನ್ನುವುದಷ್ಟೇ ಸರಿಯಲ್ಲ.

ಕೆಮ್ಮಿನ ಮಾತಿಗೆ ಬಂದರೆ ಧೂಳಿನ ಹಿರಿಯರ ಮಾತಿನಲ್ಲೂ ಹುರುಳಿದೆ. ಸೇಡಂ, ವಾಡಿ ಕಡೆಯ ಸಿಮೆಂಟ್, ಶಹಾಬಾದ್ ಕಡೆಯ ಕಲ್ಲುಗಣಿ, ಅದರ ಮೇಲೆ ಡಿಸೆಂಬರ್, ಜನವರಿಯ ತೊಗರಿ ರಾಶಿ (ಕಾಳು ಒಕ್ಕುವ ಕೆಲಸ). ರಾಶಿ ಮಾಡಿ ಬಂದವರ ಕೆಮ್ಮು ಎಷ್ಟೋ ಸಲ ಸೋಂಕಲ್ಲ, ಅಲರ್ಜಿ ಅಥವಾ ಅಸ್ತಮಾ. ಅದಕ್ಕೆ ಬೇಕಾದದ್ದು ಇನ್‌ಹೇಲರ್. ಆದರೆ 'ಪಂಪ್ ಹಚ್ಚಿದ್ರ ಬಿಡಾಂಗಿಲ್ಲ' ಅಂತ ಹೆದರಿ ಜನ ಸಿರಪ್ ಬಾಟಲಿ ಖಾಲಿ ಮಾಡುತ್ತಾರೆ. ಅದೂ ಸಾಲದಾದರೆ ಒಂದು ಸೂಜಿ, ಒಂದು ಸಲೈನ್, ಮೂರು ದಿನದ ಅಜಿತ್ರೋಮೈಸಿನ್. ವೈರಸ್ ನೆಗಡಿಗೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಬೇಕು, ಯಾಕೆಂದರೆ ಅದು ಕ್ಷಯವೂ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ದುಡ್ಡಿಲ್ಲ.

ಈ ಭಾಗದಲ್ಲಿ ರೋಗನಿರೋಧಕ ಶಕ್ತಿಗೆ ನಿಜವಾಗಿ ಕೈಹಾಕಿದ ಒಂದು ಕೆಲಸ ಆ ಹೆಸರಿನಲ್ಲಿ ಶುರುವಾಗಲೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಟ್ಟರು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಬೇಡ ಅಂದರು, ವಾರಗಟ್ಟಲೆ ಚರ್ಚೆಯಾಯಿತು. ನಮಗೂ ಬೇಕು ಅಂತ ಮಕ್ಕಳೂ ಮಾತಾಡಿದರು. ಆಮೇಲೆ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದಿದ್ದ ಗದಗದ ಮಕ್ಕಳ ಜೊತೆ ತೂಗಿ ನೋಡಿದಾಗ ಯಾದಗಿರಿಯವರ ತೂಕ ಜಾಸ್ತಿ ಏರಿತ್ತು. ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು, 2024ರಲ್ಲಿ ವಾರಕ್ಕೆ ಆರು ದಿನ ಆಯಿತು.

ದೊಡ್ಡವರ ಪಾಲಿಗೆ ಇಂಥದ್ದೇನೂ ಬಂದಿಲ್ಲ. ಅರವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ಅಸ್ತಮಾ ಇರುವವರಿಗೆ ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ ಅಂತ ವೈದ್ಯರು ಹೇಳುತ್ತಾರೆ. ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಅದಿಲ್ಲ. ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡರೆ ಸಾವಿರದ ಮೇಲೆ ಬೀಳುತ್ತದೆ, ದುಬಾರಿ ಅಂತ ಬಹಳ ಜನ ಬಿಡುತ್ತಾರೆ. ಚಳಿಗಾಲದಲ್ಲಿ ಟಾನಿಕ್ಕು, ಸಲೈನು, ಗುಳಿಗೆಗೆ ಅದೇ ಮನೆಯವರು ಎಷ್ಟು ಸುರಿದರು ಅನ್ನುವ ಲೆಕ್ಕ ಔಷಧಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಸಿಗುತ್ತದೆ.