ಡಿವಿಷನ್ ಪಾಯಿಂಟ್: ಇಂಜಿನ್ನಿನ ಬಾಯಾರಿಕೆಗೆ ಹುಟ್ಟಿದ ಊರು

ಅಮೆರಿಕದ ರೈಲ್ವೆ ಚರಿತ್ರೆ ಓದುವಾಗ ‘ಡಿವಿಷನ್ ಪಾಯಿಂಟ್’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ‘ವಿಭಾಗ ಕೇಂದ್ರ’ ಎಂದು ಕನ್ನಡಿಸಿದರೆ ಯಾವುದೋ ಕಚೇರಿಯ ಬೋರ್ಡು ಕಣ್ಣಮುಂದೆ ಬರುತ್ತದೆ, ಅರ್ಥ ಮಾತ್ರ ದಕ್ಕುವುದಿಲ್ಲ. ಅಂಚೆಯ ಕುದುರೆ ಬದಲಿಸುತ್ತಿದ್ದ ಠಾಣೆ ಎಂದುಕೊಂಡರೆ ಹೆಚ್ಚು ಹತ್ತಿರ. ಒಂದು ಇಂಜಿನ್ನು, ಅದನ್ನು ಓಡಿಸುವ ನಾಲ್ಕೈದು ಜನ ಒಂದು ಪಾಳಿಯಲ್ಲಿ ಎಷ್ಟು ದೂರ ಹೋಗಬಲ್ಲರೋ ಅಲ್ಲಿಗೆ ಒಂದು ಡಿವಿಷನ್ ಮುಗಿಯಿತು. ಮುಗಿದ ಜಾಗದಲ್ಲಿ ಊರು ಇಲ್ಲದಿದ್ದರೆ ಊರನ್ನೇ ಕಟ್ಟಿದರು.

ಉಗಿ ಇಂಜಿನ್ನು ಬಲು ದುಬಾರಿ ಪ್ರಾಣಿ. ದಾರಿಯುದ್ದಕ್ಕೂ ನೀರು ಕುಡಿಯುತ್ತದೆ, ಕಲ್ಲಿದ್ದಲು ತಿನ್ನುತ್ತದೆ. ನೂರು, ನೂರೈವತ್ತು ಮೈಲಿ ಓಡುವಷ್ಟರಲ್ಲಿ ಬೂದಿ ತೆಗೆಯಬೇಕು, ಕೀಲುಗಳಿಗೆ ಎಣ್ಣೆ ಬಿಡಬೇಕು. ಜನರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ: ಗೂಡ್ಸ್ ಗಾಡಿಯವರಿಗೆ ನೂರು ಮೈಲಿ ಎಂದರೆ ಒಂದು ದಿನದ ಕೂಲಿ ಎಂಬ ರೂಢಿ ಬಹುಕಾಲ ನಡೆಯಿತು. ಹೀಗಾಗಿ ನೆಬ್ರಾಸ್ಕದ ಬಯಲಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿ ಹಳಿ ಹಾಸುತ್ತಾ ಹೋದಾಗ ಊರುಗಳು ಅಳತೆಪಟ್ಟಿ ಇಟ್ಟಂತೆ ಬಿದ್ದವು. ಒಮಾಹಾದಿಂದ ಗ್ರ್ಯಾಂಡ್ ಐಲೆಂಡ್ ಸುಮಾರು 150 ಮೈಲಿ, ನಾರ್ತ್ ಪ್ಲಾಟ್ 290, ಸಿಡ್ನಿ 410, ಗಡಿ ದಾಟಿದರೆ ವಯೋಮಿಂಗ್‌ನ ಶಯಾನ್ 515. ಊರಿನ ಜಾಗವನ್ನು ಆರಿಸಿದ್ದು ಬಾಯ್ಲರು ಎಂದರೂ ತಪ್ಪಲ್ಲ.

ಇವುಗಳಲ್ಲಿ ನಾರ್ತ್ ಪ್ಲಾಟ್ ನನಗೆ ಇಷ್ಟದ ಉದಾಹರಣೆ. ಕಡಲಿನಿಂದ ಯಾವ ದಿಕ್ಕಿಗೂ ಬಲುದೂರ. ಎರಡು ನದಿ ಕೂಡುವ ಜಾಗ ನಿಜ, ಆದರೆ ಅವು ದೋಣಿಗೆ ಒದಗುವಂಥ ನದಿಗಳಲ್ಲ. ಅಗಲ ಹೆಚ್ಚು, ಆಳ ಕಡಿಮೆ. 1866ರಲ್ಲಿ ಹಳಿ ಅಲ್ಲಿಗೆ ಮುಟ್ಟಿತು, ಮುಖ್ಯ ಇಂಜಿನಿಯರ್ ಗ್ರೆನ್ವಿಲ್ ಡಾಡ್ಜ್ ಊರಿನ ನಕ್ಷೆ ಹಾಕಿಸಿದ. ಚಳಿಗಾಲಕ್ಕೆ ಕೆಲಸ ನಿಂತಿತು; ಹಳಿ ಹಾಕುವವರ ಬೆನ್ನಿಗೇ ಸಾಗುತ್ತಿದ್ದ ಡೇರೆಗಳ ಬಜಾರೂ ಅಲ್ಲೇ ಬೀಡುಬಿಟ್ಟಿತು. ಸಾರಾಯಿ, ಜೂಜು, ಸೂಳೆಗೇರಿ ಎಲ್ಲವೂ ಇದ್ದ ಆ ಬಜಾರಿಗೆ ಜನ ಇಟ್ಟ ಹೆಸರು ‘ಹೆಲ್ ಆನ್ ವೀಲ್ಸ್’, ಚಕ್ರದ ಮೇಲಿನ ನರಕ. 1867ರಲ್ಲಿ ಹಳಿ ಮುಂದೆ ಸಾಗಿತು, ನರಕವೂ ಡೇರೆ ಕಿತ್ತುಕೊಂಡು ಜೂಲ್ಸ್‌ಬರ್ಗಿಗೆ ಹೊರಟಿತು. ಊರು ಅಷ್ಟಕ್ಕೇ ಮುಗಿಯಬೇಕಿತ್ತು. ಉಳಿಸಿದ್ದು ರೌಂಡ್‌ಹೌಸ್. ನಡುವೆ ತಿರುಗುವ ಟರ್ನ್‌ಟೇಬಲ್, ಸುತ್ತ ಕಮಾನಿನಂತೆ ಇಂಜಿನ್ ನಿಲ್ಲಿಸುವ ಕೊಟ್ಟಿಗೆಗಳು, ಪಕ್ಕದಲ್ಲಿ ರಿಪೇರಿ ಷೆಡ್ಡು. ಡೇರೆ ಮಡಚಿಕೊಂಡು ಹೋಗಬಹುದು, ಇದನ್ನು ಮಡಚಲಾಗುವುದಿಲ್ಲ.

ಇಂಥ ಊರಿನಲ್ಲಿ ಸೂರ್ಯನಿಗಿಂತ ಟೈಮ್‌ಟೇಬಲ್ ದೊಡ್ಡದು. ‘ಕಾಲ್ ಬಾಯ್’ ಎಂಬ ಹುಡುಗನೊಬ್ಬನಿರುತ್ತಿದ್ದ. ರಾತ್ರಿ ಎರಡಕ್ಕೆ ಗಾಡಿ ಇದೆಯೆಂದರೆ ಅದಕ್ಕೂ ಮೊದಲೇ ಡ್ರೈವರು, ಫೈರ್‌ಮನ್, ಬ್ರೇಕ್‌ಮನ್ನರ ಮನೆ ಬಾಗಿಲು ಬಡಿದು, ನಿದ್ದೆಗಣ್ಣಿನಲ್ಲಿ ಎದ್ದವನ ಮುಂದೆ ಪುಸ್ತಕ ಹಿಡಿದು ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ, ಕರೆದದ್ದಕ್ಕೆ ಸಾಕ್ಷಿಯಿಲ್ಲ. ಕರೆಯುವ ಹುಡುಗನ ಕಾಲಿಗೆ ಎಟುಕುವಷ್ಟು ಹತ್ತಿರದಲ್ಲೇ ಮನೆ ಮಾಡಬೇಕು. ರೈಲ್ವೆಯವರ ಮನೆಗಳು ಯಾರ್ಡಿಗೆ ಅಂಟಿಕೊಂಡಂತೆ ಇರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಒಗೆದ ಬಟ್ಟೆಯ ಮೇಲೆ ಮಸಿ ಕೂರುವುದು ಅದರ ಜೊತೆಗೇ ಬಂದದ್ದು.

ಇಂಜಿನ್ನು ನಿಲ್ಲಲೇಬೇಕಾದ ಊರು ಎಂಬುದಕ್ಕೆ ಇನ್ನೊಂದು ಮುಖವೂ ಇದೆ. 1941ರ ಡಿಸೆಂಬರ್ 17ರಂದು ತಮ್ಮದೇ ನೆಬ್ರಾಸ್ಕದ ಸೈನಿಕ ತುಕಡಿ ‘ಕಂಪನಿ ಡಿ’ ಹಾದುಹೋಗಲಿದೆ ಎಂದು ಕೇಳಿ ಊರಿನವರು ತಿಂಡಿ, ಉಡುಗೊರೆ ಹೊತ್ತು ಸ್ಟೇಷನ್ನಿಗೆ ಬಂದರು. ಬಂದದ್ದೂ ಕಂಪನಿ ಡಿಯೇ, ಆದರೆ ಕ್ಯಾನ್ಸಸ್‌ನದು! ಒಂದು ಕ್ಷಣ ತಡವರಿಸಿದ ಜನ ತಂದದ್ದನ್ನೆಲ್ಲ ಆ ಹುಡುಗರಿಗೇ ಕೊಟ್ಟರು. ಅಂದು ಅಲ್ಲಿದ್ದ ರೇ ವಿಲ್ಸನ್ ಎಂಬ ಯುವತಿ, ಇದನ್ನೇ ದಿನವೂ ಮಾಡೋಣ ಎಂದು ಊರಿನ ಪತ್ರಿಕೆಗೆ ಬರೆದಳು. ಆ ಕ್ರಿಸ್‌ಮಸ್ ದಿನ ಶುರುವಾದ ಕ್ಯಾಂಟೀನು 1946ರ ಏಪ್ರಿಲ್ 1ರವರೆಗೆ ನಡೆಯಿತು. ಇಂಜಿನ್ನಿಗೆ ನೀರು, ಎಣ್ಣೆ ಹಾಕುವ ಸುಮಾರು ಹತ್ತು ನಿಮಿಷ, ಸೈನಿಕರಿಗೆ ಕೆಳಗಿಳಿಯಲು ಸಿಗುತ್ತಿದ್ದುದು ಅಷ್ಟೇ. ಅಷ್ಟರಲ್ಲಿ ಕಾಫಿ, ಸ್ಯಾಂಡ್‌ವಿಚ್, ಹುಟ್ಟುಹಬ್ಬ ಇದ್ದವನಿಗೆ ಒಂದಿಡೀ ಕೇಕು. ಪಾಪ್‌ಕಾರ್ನ್ ಉಂಡೆಯೊಳಗೆ ತಮ್ಮ ಹೆಸರು, ವಿಳಾಸದ ಚೀಟಿ ಇಟ್ಟು ಕೊಟ್ಟ ಹುಡುಗಿಯರೂ ಇದ್ದರು. ಸುತ್ತಲಿನ ನೂರಕ್ಕೂ ಹೆಚ್ಚು ಊರುಗಳು ಸರದಿಯ ಮೇಲೆ ತಿಂಡಿ ಒದಗಿಸಿದವು. ಹೀಗೆ ಉಪಚಾರ ಪಡೆದ ಸೈನಿಕರ ಸಂಖ್ಯೆ 60 ಲಕ್ಷ ದಾಟಿತು. ಬಾಯಾರದ ಇಂಜಿನ್ ಆಗಿದ್ದರೆ ಆ ಗಾಡಿಗಳು ಕೂಗು ಹಾಕಿ ಹೋಗಿಬಿಡುತ್ತಿದ್ದವು.

ಬಾಯಾರದ ಇಂಜಿನ್ ಬಂದೂಬಿಟ್ಟಿತು. ಡೀಸೆಲ್ಲಿಗೆ ಹೆಜ್ಜೆಗೊಂದು ನೀರಿನ ತೊಟ್ಟಿ ಬೇಡ. 1950ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಎಷ್ಟೋ ಡಿವಿಷನ್ ಪಾಯಿಂಟುಗಳಲ್ಲಿ ಇಂಜಿನ್ನುಗಳ ಉಪಚಾರವೇ ನಿಂತುಹೋಗಿತ್ತು. ನಾರ್ತ್ ಪ್ಲಾಟ್‌ಗೂ ಪೆಟ್ಟು ಬಿತ್ತು: 1971ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು, 1973ರಲ್ಲಿ ಕ್ಯಾಂಟೀನ್ ನಡೆದಿದ್ದ ಸ್ಟೇಷನ್ನನ್ನೇ ಕೆಡವಿದರು. ಊರು ಬದುಕಿದ್ದು ವ್ಯಾಗನ್ ವಿಂಗಡಣೆಯಿಂದ. ಅಲ್ಲಿನ ‘ಬೇಯ್ಲಿ’ (Bailey) ಯಾರ್ಡ್ ಜಗತ್ತಿನಲ್ಲೇ ಅತಿ ದೊಡ್ಡದು, 2,850 ಎಕರೆ. ಸಣ್ಣ ದಿಬ್ಬದ ಮೇಲಕ್ಕೆ ವ್ಯಾಗನ್ನುಗಳನ್ನು ತಳ್ಳಿ, ಕೊಂಡಿ ಕಳಚಿ ಬಿಡುತ್ತಾರೆ. ಇಳಿಜಾರಿನಲ್ಲಿ ಉರುಳಿ ತಂತಮ್ಮ ಹಳಿ ಸೇರುತ್ತವೆ.

ದೂರದ ಲೆಕ್ಕ ಮಾತ್ರ ಇನ್ನೂ ಹೋಗಿಲ್ಲ. ಇಂಜಿನ್ನು ದಣಿಯದಿದ್ದರೂ ಮನುಷ್ಯ ದಣಿಯುತ್ತಾನೆ, ಹನ್ನೆರಡು ಗಂಟೆ ಮೀರಿ ಗಾಡಿ ಓಡಿಸಬಾರದೆಂದು ಕಾನೂನಿದೆ. ಗಂಟೆ ತುಂಬಿದರೆ ಗಾಡಿ ಜೋಳದ ಹೊಲದ ನಡುವೆಯೇ ನಿಲ್ಲುತ್ತದೆ. ಆಗ ಊರಿನಿಂದ ವ್ಯಾನಿನಲ್ಲಿ ಬದಲಿ ಸಿಬ್ಬಂದಿ ಬರಬೇಕು. ಅವರಿಗೆ ರೈಲ್ವೆಯವರು ಇಟ್ಟ ಹೆಸರು ‘ಡಾಗ್ ಕ್ಯಾಚರ್’. ಈಗ ಅವರನ್ನು ನಡುರಾತ್ರಿ ಎಬ್ಬಿಸುವುದು ಫೋನು.