ಜೀನ್ಸ್ ನೀಲಿಗೆ ಜಾಲಿ ಇದ್ದಿಲು

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ನೀಲಿ ನೀರಿಗೆ ಒಂದು ಪಾಲು ಮದ್ದು ಬಳ್ಳಾರಿ ಜಾಲಿಯಲ್ಲೇ ಇದೆ ಅಂದರೆ ಹಲವರು ನಂಬುವುದಿಲ್ಲ. ನಂಬುವವರು ಜಾಲಿ ಸುಟ್ಟ ಇದ್ದಿಲನ್ನು ತೊಟ್ಟಿಗೆ ಸುರಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಒಲೆಯ ಇದ್ದಿಲು ಬೇರೆ, ಬಣ್ಣ ಹಿಡಿಯುವ ಸಕ್ರಿಯ ಇಂಗಾಲ (ಆಕ್ಟಿವೇಟೆಡ್ ಕಾರ್ಬನ್) ಬೇರೆ.

ಗಾಳಿಯಾಡದ ಹಾಗೆ ಕಟ್ಟಿಗೆ ಸುಟ್ಟಾಗ ಇಂಗಾಲವೇನೋ ಉಳಿಯುತ್ತದೆ, ಆದರೆ ಅದರ ರಂಧ್ರಗಳಲ್ಲಿ ಟಾರು ಕಟ್ಟಿಕೊಂಡಿರುತ್ತದೆ. ಆ ಇದ್ದಿಲಿನ ಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಬೇಕು. ಹಬೆ ಟಾರನ್ನಷ್ಟೇ ಅಲ್ಲ, ಇಂಗಾಲವನ್ನೂ ಒಂದಿಷ್ಟು ತಿನ್ನುತ್ತದೆ. ತಿಂದದ್ದು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಟುಹೋಗುತ್ತದೆ, ಹೋದ ಜಾಗ ರಂಧ್ರವಾಗುತ್ತದೆ. ನೋಡಲು ಅದು ಬೇಸಿಗೆಯಲ್ಲಿ ಬಿರಿದ ನಮ್ಮ ಎರೆಹೊಲದ ಹಾಗೆ: ದೊಡ್ಡ ಬಿರುಕಿನ ಗೋಡೆಯಲ್ಲಿ ಸಣ್ಣದು, ಅದರೊಳಗೆ ಕೂದಲೆಳೆಯಂಥದ್ದು. ಇಂಗಾಲದಲ್ಲಿ ಕೊನೆಯ ಬಿರುಕಿನ ಅಗಲ 2 ನ್ಯಾನೊಮೀಟರಿಗಿಂತ ಕಡಿಮೆ. ಒಳಗೋಡೆಗಳನ್ನೆಲ್ಲ ಲೆಕ್ಕ ಹಿಡಿದರೆ ಒಂದು ಗ್ರಾಮಿಗೆ 500ರಿಂದ 1500 ಚದರ ಮೀಟರ್ ಮೈ! ಬಣ್ಣದ ಅಣುಗಳು ಬಂದು ಅಂಟುವುದು ಆ ಮೈಗೆ. ಅಣು ದಪ್ಪವಿದ್ದರೆ 2ರಿಂದ 50 ನ್ಯಾನೊಮೀಟರಿನ ರಂಧ್ರಗಳೂ ಬೇಕು. ಹಾಗಾಗಿ ಮನೆಯ ಫಿಲ್ಟರಿಗೆ ಹೊಂದುವ, ಬಹುಪಾಲು ಸಣ್ಣ ರಂಧ್ರಗಳೇ ಇರುವ ತೆಂಗಿನ ಚಿಪ್ಪಿನ ಇಂಗಾಲ ಎಲ್ಲ ಬಣ್ಣಕ್ಕೂ ಒಗ್ಗುವುದಿಲ್ಲ.

ಇದ್ದಿಲು ದ್ರಾವಣದ ಬಣ್ಣ ತೆಗೆಯುತ್ತದೆ ಎಂದು ರಷ್ಯಾದಲ್ಲಿದ್ದ ಟೋಬಿಯಾಸ್ ಲೋವಿಟ್ಸ್ 1785ರಲ್ಲೇ ಕಂಡಿದ್ದ. ಮುಂದೆ ಯುರೋಪಿನ ಸಕ್ಕರೆ ಕಾರ್ಖಾನೆಗಳು ಮೂಳೆ ಇದ್ದಿಲಿನಿಂದ ಕಂದು ಪಾಕವನ್ನು ಬಿಳುಪು ಮಾಡಿದವು. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಹೊಲ, ಕೆರೆಯಂಗಳ ನುಂಗಿ ರೈತರಿಂದ ಬೈಸಿಕೊಳ್ಳುವ ಅದಕ್ಕೆ ಇಂಥದೊಂದು ಗುಣವಿರುವುದು ನನಗೆ ನಿಜಕ್ಕೂ ಖುಷಿ.

ಆದರೆ ಜೀನ್ಸಿನ ನೀಲಿ ಬಣ್ಣವಾದ ಇಂಡಿಗೊ ನೀರಲ್ಲಿ ಕರಗದು, ಸಣ್ಣ ಕಣವಾಗಿ ತೇಲುತ್ತದೆ. ನೇರ ಇಂಗಾಲದ ಹಾಸಿಗೆಗೆ (ನೀರು ಹಾಯಲು ತುಂಬಿಟ್ಟ ಇಂಗಾಲದ ಪದರಕ್ಕೆ) ಬಿಟ್ಟರೆ ಹಾಸಿಗೆಯೇ ಕಟ್ಟಿಕೊಳ್ಳುತ್ತದೆ. ಮೊದಲು ಪಟಿಕ ಹಾಕಿ ತಳಕ್ಕಿಳಿಸಿ, ಸೋಸಿ, ನೀರಲ್ಲಿ ಕರಗಿ ಉಳಿದ ಬೇರೆ ಬಣ್ಣವನ್ನು ಮಾತ್ರ ಇಂಗಾಲಕ್ಕೆ ಕೊಡಬೇಕು.

ಇನ್ನು ಉಪ್ಪು. ಬಣ್ಣ ಹೋಯಿತು, ನೀರು ಚೊಕ್ಕವಾಯಿತು ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಕರಗಿದ ಉಪ್ಪು ಇಂಗಾಲಕ್ಕೆ ಅಂಟುವುದಿಲ್ಲ, ಬಂದಷ್ಟೂ ದಾಟಿಹೋಗುತ್ತದೆ. ಕನ್ನಡಿಯಂಥ ಆ ನೀರನ್ನು ವರ್ಷಗಟ್ಟಲೆ ಕಟ್ಟಿದರೆ ಎರೆಮಣ್ಣು ಸವಳಾಗುತ್ತದೆ. ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಒಂದು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು.

ಹಳ್ಳಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ ಬಿಒಡಿ (ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 30, ಸಿಒಡಿ (ಅದೇ ಕೊಳೆಯನ್ನು ರಾಸಾಯನಿಕದಿಂದ ಕಳೆಯಲು ಬೇಕಾಗುವ ಆಮ್ಲಜನಕ) 250 ಮಿಲಿಗ್ರಾಂ ಮೀರಬಾರದು. ಬಿಒಡಿ ಫಲಿತಾಂಶಕ್ಕೆ 27 ಡಿಗ್ರಿಯಲ್ಲಿ 3 ದಿನ ಕಾಯಬೇಕು. ಅಷ್ಟರಲ್ಲಿ ನೀರು ಊರು ದಾಟಿರುತ್ತದೆ. ಇಂಗಾಲದ ಹಾಸಿಗೆ ಮೇಲಿನಿಂದ ತುಂಬುತ್ತಾ ಬಂದು, ತಳ ತುಂಬಿದಾಗ ಬಣ್ಣ ಹೊರಗೆ ಕಾಣಿಸುತ್ತದೆ. ಅದಕ್ಕೇ ಇಂಗಾಲ ತುಂಬಿದ ಎರಡು ಕಾಲಂ (ಎತ್ತರದ ಕೊಳವೆ) ಒಂದರ ಹಿಂದೊಂದು ಇಟ್ಟು, ನಡುವಿನ ನಲ್ಲಿಯಿಂದ ದಿನವೂ ನೀರು ಹಿಡಿದು ಬಣ್ಣ, ಸಿಒಡಿ ನೋಡಬೇಕು. ಮೊದಲನೆಯದು ಸೋತರೂ ಎರಡನೆಯದು ತಡೆಯುತ್ತದೆ, ಇಂಗಾಲ ಬದಲಿಸಲು ಸಮಯ ಸಿಗುತ್ತದೆ. ತೆಗೆದ ಇಂಗಾಲ ಮತ್ತೆ ಕುಲುಮೆಗೆ ಹೋಗಬೇಕು, ಇಲ್ಲವೇ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ. ಹೊಲದ ಬದುವಿಗಂತೂ ಸುರಿಯಕೂಡದು.