ಆಲ್‌ಸ್ಟಾರ್ ಪಂದ್ಯ ನಡೆದದ್ದು ಯಾವ ಅಟ್ಲಾಂಟಾದಲ್ಲಿ?

2025ರ ಜುಲೈ 15ರ ರಾತ್ರಿ. ಟ್ರೂಯಿಸ್ಟ್ ಪಾರ್ಕ್ ಕ್ರೀಡಾಂಗಣದಲ್ಲಿ ಅಮೆರಿಕದ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯ, ಅಂದರೆ ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್‌ಗಳ ಆಯ್ದ ಆಟಗಾರರ ನಡುವಿನ ಪಂದ್ಯ, ಒಂಬತ್ತು ಇನ್ನಿಂಗ್ಸ್ ಮುಗಿದಾಗ 6-6ಕ್ಕೆ ಬಂದು ನಿಂತಿತ್ತು. ಹೊಸ ನಿಯಮದ ಪ್ರಕಾರ ಎರಡೂ ಕಡೆಯಿಂದ ಮೂವರು ಬಂದರು, ಒಬ್ಬೊಬ್ಬರಿಗೆ ಮೂರು ಸಲ ಬ್ಯಾಟ್ ಬೀಸುವ ಅವಕಾಶ. ನ್ಯಾಷನಲ್ ಲೀಗ್‌ನ ಕೈಲ್ ಶ್ವಾರ್ಬರ್ ಮೂರಕ್ಕೆ ಮೂರೂ ಹೋಮ್ ರನ್ (ಚೆಂಡು ಬೇಲಿ ದಾಟುವ ಹೊಡೆತ, ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರು. ನ್ಯಾಷನಲ್ ಲೀಗ್ ಗೆದ್ದಿತು. ಆಲ್‌ಸ್ಟಾರ್ ಪಂದ್ಯವೊಂದು ಹೀಗೆ ತೀರ್ಮಾನ ಆದದ್ದು ಅದೇ ಮೊದಲು.

ಆದರೆ ಈ ಪಂದ್ಯ ಅಟ್ಲಾಂಟಾಗೆ ಬರಬೇಕಿದ್ದದ್ದು 2021ರಲ್ಲಿ. ಕೊಟ್ಟದ್ದನ್ನು ಆಗ ಕಿತ್ತುಕೊಳ್ಳಲಾಯಿತು, ನಾಲ್ಕು ವರ್ಷ ಬಿಟ್ಟು ಮತ್ತೆ ಕೊಡಲಾಯಿತು. ಯಾಕೆ ಹೋಯಿತು, ಯಾಕೆ ವಾಪಸ್ ಬಂತು ಅಂತ ಕೇಳಿದರೆ ಎಲ್ಲರೂ ಒಂದು ಕಾನೂನಿನ ಹೆಸರು ಹೇಳುತ್ತಾರೆ. ನಿಜ, ಆದರೆ ಕತೆ ಅಲ್ಲಿಂದ ಶುರುವಾಗುವುದಿಲ್ಲ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಪಂದ್ಯ ಸಿಕ್ಕಿದ್ದು ಯಾವ ಅಟ್ಲಾಂಟಾಗೆ?

ಆಲ್‌ಸ್ಟಾರ್ ಪಂದ್ಯ ಹುಟ್ಟಿದ್ದು 1933ರಲ್ಲಿ, ಷಿಕಾಗೋದ ವಿಶ್ವ ಮೇಳದ ಜೊತೆಗೆ, ಅಲ್ಲಿನ ಪತ್ರಿಕೆಯೊಂದರ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಅವರ ತಲೆಯಲ್ಲಿ. ಒಂದೇ ಸಲ ಅಂದುಕೊಂಡಿದ್ದ ಪಂದ್ಯ ಈಗ ಹಲವು ದಿನಗಳ ಜಾತ್ರೆ. ಅದನ್ನು ತಮ್ಮೂರಿಗೆ ತರಲು ಊರುಗಳು ವರ್ಷಗಟ್ಟಲೆ ಓಡಾಡುತ್ತವೆ.

ಅಟ್ಲಾಂಟಾಗೆ ದೊಡ್ಡ ಬೇಸ್‌ಬಾಲ್ ಬಂದದ್ದು 1966ರಲ್ಲಿ, ಬ್ರೇವ್ಸ್ ತಂಡ ಮಿಲ್ವಾಕಿ ಬಿಟ್ಟು ಬಂದಾಗ. ಅದಕ್ಕಾಗಿ ಊರ ನಡುವಿನ ಬಡಾವಣೆಯೊಂದನ್ನು ನೆಲಸಮ ಮಾಡಿದ ಜಾಗದಲ್ಲಿ ಕ್ರೀಡಾಂಗಣ ಎದ್ದಿತು. ಮನೆ ಕಳೆದುಕೊಂಡವರಲ್ಲಿ ಕಪ್ಪು ಜನರೇ ಹೆಚ್ಚು. ಪಕ್ಕದ ಸಮ್ಮರ್‌ಹಿಲ್, ಮೆಕ್ಯಾನಿಕ್ಸ್‌ವಿಲ್, ಪೀಪಲ್ಸ್‌ಟೌನ್ ಉಳಿದುಕೊಂಡವು. ಆದರೆ ಪಂದ್ಯದ ದಿನ ಆ ಬಡಾವಣೆಗಳ ಬೀದಿಗಳೇ ಕಾರು ನಿಲ್ಲಿಸುವ ಜಾಗ. ಆ ಮೈದಾನದಲ್ಲೇ 1972ರ ಆಲ್‌ಸ್ಟಾರ್ ನಡೆಯಿತು, ತವರಿನ ಜನರ ಮುಂದೆ ಬ್ರೇವ್ಸ್ ಆಟಗಾರ ಹ್ಯಾಂಕ್ ಆರನ್ ಹೋಮ್ ರನ್ ಹೊಡೆದರು. ಎರಡು ವರ್ಷದ ನಂತರ, 1974ರ ಏಪ್ರಿಲ್ 8ರಂದು, ಅಲ್ಲೇ ತಮ್ಮ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ಅವರ ಅತಿ ಹೆಚ್ಚು ಹೋಮ್ ರನ್ ದಾಖಲೆ ಮುರಿದರು. ಕಪ್ಪು ಆಟಗಾರನೊಬ್ಬ ಆ ದಾಖಲೆ ಮುರಿಯಬಾರದು ಅಂತ ಅವರಿಗೆ ರಾಶಿಗಟ್ಟಲೆ ಬೆದರಿಕೆ ಪತ್ರಗಳು ಬರುತ್ತಿದ್ದವು. ಅವರು ಆಡುತ್ತಲೇ ಇದ್ದರು.

1996ರ ಒಲಿಂಪಿಕ್ಸ್‌ಗೆ ಪಕ್ಕದಲ್ಲೇ ಕಟ್ಟಿದ ಕ್ರೀಡಾಂಗಣ ಮರು ವರ್ಷ ಟರ್ನರ್ ಫೀಲ್ಡ್ ಆಯಿತು, ಹಳೆಯದನ್ನು ಸ್ಫೋಟಕ ಇಟ್ಟು ಕೆಡವಿದರು. 2000ದ ಆಲ್‌ಸ್ಟಾರ್ ನಡೆದದ್ದು ಟರ್ನರ್ ಫೀಲ್ಡ್‌ನಲ್ಲಿ.

ಗಂಟು ಬಿದ್ದದ್ದು 2013ರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆ ವರ್ಷ ನವೆಂಬರ್ 11ರಂದು ಬ್ರೇವ್ಸ್ ತಂಡ ಊರು ಬಿಡುವುದಾಗಿ ಹೇಳಿತು. ಹೋಗುವುದು ಬೇರೆ ರಾಜ್ಯಕ್ಕಲ್ಲ, ಪಕ್ಕದ ಕಾಬ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಟರ್ನರ್ ಫೀಲ್ಡ್‌ಗೆ ಇನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ತಂಡ ಒಂದು ನಕ್ಷೆ ತೋರಿಸಿತು. ಟಿಕೆಟ್ ಕೊಳ್ಳುವವರ ಮನೆಗಳನ್ನು ಅದರಲ್ಲಿ ಚುಕ್ಕಿ ಹಾಕಿ ಗುರುತಿಸಿದ್ದರು. ಉತ್ತರದ ಉಪನಗರಗಳ ಕಡೆ ಚುಕ್ಕಿಗಳು ಒತ್ತೊತ್ತಾಗಿದ್ದವು, ದಕ್ಷಿಣಕ್ಕೆ ಬಂದ ಹಾಗೆ ವಿರಳ. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯೇ. ಐಟಿ ಕೆಲಸಕ್ಕೆ ಹೋಗಿ ಆಲ್ಫರೆಟಾ, ಕಮ್ಮಿಂಗ್ ಕಡೆ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೂ ಹೊಸ ಜಾಗವೇ ಹತ್ತಿರ. ಆದರೆ ಟಿಕೆಟ್ ಕೊಳ್ಳಲಾಗದೆ, ಐವತ್ತು ವರ್ಷ ಪಂದ್ಯದ ಗದ್ದಲ, ಹೊಗೆ, ಪಾರ್ಕಿಂಗ್ ಸಹಿಸಿಕೊಂಡವರ ಮನೆಗಳಿಗೆ ಆ ನಕ್ಷೆಯಲ್ಲಿ ಚುಕ್ಕಿ ಇರಲಿಲ್ಲ.

ಘೋಷಣೆ ಆಗಿ ಹದಿನೈದೇ ದಿನಕ್ಕೆ, ನವೆಂಬರ್ 26ರಂದು, ಕಾಬ್ ಕೌಂಟಿ ಆಯೋಗ 4-1 ಮತದಿಂದ ಒಪ್ಪಿಗೆ ಕೊಟ್ಟಿತು. ಕೌಂಟಿಯ ಪಾಲು ಸುಮಾರು 30 ಕೋಟಿ ಡಾಲರ್. ಜನಮತ ಕೇಳಲಿಲ್ಲ. ವಿರುದ್ಧ ಬಿದ್ದ ಆ ಒಂದು ಮತ ಲೀಸಾ ಕ್ಯುಪಿಡ್ ಅವರದು. ಇಷ್ಟು ದೊಡ್ಡ ವಿಷಯಕ್ಕೆ ಇನ್ನಷ್ಟು ಸಮಯ ಬೇಕು ಅನ್ನುವುದು ಅವರ ವಾದ. ಎರಡು ವಾರ ಅಂದರೆ ಒಂದು ಮನೆ ಕೊಳ್ಳಲಿಕ್ಕೂ ಸಾಲದು, ಅಲ್ವಾ?

ಇನ್ನೊಂದು ವಿಷಯ ರೈಲಿನದು. ಅಟ್ಲಾಂಟಾದ ಮಾರ್ಟಾ ರೈಲು ವ್ಯವಸ್ಥೆಗೆ ಸೇರುವುದು ಬೇಡ ಅಂತ ಕಾಬ್ ಮತದಾರರು 1965ರಲ್ಲೇ ಹೇಳಿದ್ದರು. ಆ ದಶಕದಲ್ಲಿ ಹಾಗೆ ಹೇಳಿದ್ದರ ಹಿಂದೆ ತೆರಿಗೆಯ ಚಿಂತೆಯಷ್ಟೇ ಇರಲಿಲ್ಲ, ರೈಲಿನಲ್ಲಿ ಯಾರು ಬಂದಿಳಿಯುತ್ತಾರೆ ಅನ್ನುವ ಭಯವೂ ಇತ್ತು. ಇವತ್ತಿಗೂ ಕಾಬ್‌ಗೆ ಮಾರ್ಟಾ ರೈಲಿಲ್ಲ. ಬಸ್ ಸೇವೆ ಹೆಚ್ಚಿಸಲು ತೆರಿಗೆ ಹಾಕುವ ಪ್ರಸ್ತಾವವನ್ನೂ 2024ರ ನವೆಂಬರ್‌ನಲ್ಲಿ ಮತದಾರರು ತಳ್ಳಿಹಾಕಿದರು. ಹಾಗಾಗಿ ಹೊಸ ಕ್ರೀಡಾಂಗಣಕ್ಕೆ ಹೋಗಬೇಕಾದರೆ ಹೆಚ್ಚಿನವರಿಗೆ ಕಾರೇ ಗತಿ.

ಜಾಗ ಹೇಗಿದೆ ನೋಡಿ. ಊರನ್ನು ಸುತ್ತುವ 285ನೇ ಹೆದ್ದಾರಿಗೆ ಅಲ್ಲಿನವರು ಪೆರಿಮೀಟರ್ ಅನ್ನುತ್ತಾರೆ, ನಮ್ಮ ರಿಂಗ್ ರೋಡ್ ಇದ್ದ ಹಾಗೆ. ನೀವು ಎಲ್ಲಿಯವರು ಅಂದರೆ ಪೆರಿಮೀಟರ್ ಒಳಗಿನವರೋ ಹೊರಗಿನವರೋ ಅನ್ನುವುದೇ ಪ್ರಶ್ನೆ. ಟ್ರೂಯಿಸ್ಟ್ ಪಾರ್ಕ್ ಇರುವುದು ಗೆರೆಯಿಂದ ಸ್ವಲ್ಪವೇ ಆಚೆ, 75ನೇ ಹೆದ್ದಾರಿ ಸೇರುವ ಮೂಲೆಯಲ್ಲಿ. ಆಚೆ ಬದಿಯಲ್ಲಿ ಕಾರು ನಿಲ್ಲಿಸಿದವರು ಹೆದ್ದಾರಿಯ ಮೇಲೆ ಕಟ್ಟಿದ ಕಾಲುಸೇತುವೆ ದಾಟಿ ಬರುತ್ತಾರೆ. ಕೆಳಗೆ ಸಾಲುಸಾಲು ಕಾರು, ಮೇಲೆ ಬ್ರೇವ್ಸ್ ಜೆರ್ಸಿ ತೊಟ್ಟ ಮಕ್ಕಳು. ಸೇತುವೆ ಇಳಿದರೆ ಬ್ಯಾಟರಿ ಅಟ್ಲಾಂಟಾ: ಹೋಟೆಲು, ಅಂಗಡಿ, ಅಪಾರ್ಟ್‌ಮೆಂಟು. ತಂಡವೇ ಬೆಳೆಸಿದ ಪುಟ್ಟ ಪೇಟೆ ಅದು, ಪಂದ್ಯ ಇಲ್ಲದ ದಿನವೂ ತುಂಬಿರುತ್ತದೆ. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 2017ರಲ್ಲಿ ಮೈದಾನ ತೆರೆಯಿತು. 2019ರ ಮೇನಲ್ಲಿ 2021ರ ಆಲ್‌ಸ್ಟಾರ್ ಇಲ್ಲಿಗೇ ಅಂತ ತೀರ್ಮಾನ ಆಯಿತು.

ಆಮೇಲೆ ಚುನಾವಣೆ ಬಂತು. 2020ರಲ್ಲಿ ಜೋ ಬೈಡನ್ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯವನ್ನು 12 ಸಾವಿರಕ್ಕೂ ಕಡಿಮೆ ಮತಗಳಿಂದ ಗೆದ್ದರು. 2021ರ ಮಾರ್ಚ್ 25ರಂದು ಗವರ್ನರ್ ಬ್ರಯನ್ ಕೆಂಪ್ ಹೊಸ ಮತದಾನ ಕಾನೂನಿಗೆ ಸಹಿ ಹಾಕಿದರು. ಅಂಚೆ ಮತಕ್ಕೆ ಗುರುತಿನ ದಾಖಲೆ ಬೇಕು, ಮತಪತ್ರ ಹಾಕುವ ಪೆಟ್ಟಿಗೆಗಳಿಗೆ ಮಿತಿ, ಮತಗಟ್ಟೆಯ ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರು, ತಿಂಡಿ ಹಂಚುವ ಹಾಗಿಲ್ಲ. ಶನಿವಾರದ ಮುಂಗಡ ಮತದಾನ ಹೆಚ್ಚಿಸುವ ಅಂಶವೂ ಅದರಲ್ಲಿತ್ತು, ಅದನ್ನೂ ಹೇಳಬೇಕು. ಆದರೆ ಹಿಂದಿನ ವರ್ಷವಷ್ಟೇ ಅಟ್ಲಾಂಟಾದಲ್ಲಿ ಗಂಟೆಗಟ್ಟಲೆ ಸಾಲಲ್ಲಿ ನಿಂತು ಮತ ಹಾಕಿದವರಿಗೆ ನೀರಿನ ಮಾತು ಹೇಗೆ ಕೇಳಿಸಿರಬೇಕು!

ಈ ಕಾನೂನು ಮತದಾನಕ್ಕೆ ಅಡ್ಡಿ ಅನ್ನುವ ಕಾರಣಕ್ಕೆ, ಏಪ್ರಿಲ್ 2ಕ್ಕೆ, ಆಟ ನಡೆಸುವ ಸಂಸ್ಥೆಯಾದ ಮೇಜರ್ ಲೀಗ್ ಈ ಪಂದ್ಯವನ್ನು ಅಟ್ಲಾಂಟಾದಿಂದ ತೆಗೆಯಿತು. ನಾಲ್ಕು ದಿನ ಬಿಟ್ಟು ಡೆನ್ವರ್‌ಗೆ ಕೊಟ್ಟಿತು. ತಂಡ ಬೇಸರ ಹೇಳಿಕೊಂಡಿತು. ಕಾನೂನನ್ನು ಗಟ್ಟಿಯಾಗಿ ವಿರೋಧಿಸುತ್ತಿದ್ದ ಜಾರ್ಜಿಯಾದ ಡೆಮಾಕ್ರಟಿಕ್ ನಾಯಕಿ ಸ್ಟೇಸಿ ಏಬ್ರಮ್ಸ್ ಕೂಡ ಪಂದ್ಯ ಹೋದದ್ದಕ್ಕೆ ಬೇಜಾರು ಮಾಡಿಕೊಂಡರು. ಅಟ್ಲಾಂಟಾ ನಗರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಕಪ್ಪು ಜನ, ಡೆನ್ವರ್‌ನಲ್ಲಿ ಹತ್ತರಲ್ಲಿ ಒಂದು ಪಾಲು. ಯಾರ ಹಕ್ಕಿನ ಹೆಸರಿನಲ್ಲಿ ಪಂದ್ಯ ಹೋಯಿತೋ ಅವರ ಅಂಗಡಿ, ಹೋಟೆಲ್ ಕೆಲಸ, ಟ್ಯಾಕ್ಸಿ ಬಾಡಿಗೆಯೂ ಜೊತೆಗೇ ಹೋಯಿತು. ಹತ್ತು ಕೋಟಿ ಡಾಲರ್ ನಷ್ಟ ಅಂತ ಕಾಬ್ ಪ್ರವಾಸೋದ್ಯಮದವರು ಹೇಳಿದರು. ಇಂಥ ಅಂದಾಜುಗಳನ್ನು ಅರ್ಥಶಾಸ್ತ್ರಜ್ಞರು ಜಾಸ್ತಿ ನಂಬುವುದಿಲ್ಲ. ಆದರೆ ಒಂದು ವಾರದ ಸಂಬಳ ಲೆಕ್ಕ ಹಾಕಿಕೊಂಡಿದ್ದವರಿಗೆ ಆ ವಾದ ಬೇಕಿರಲಿಲ್ಲ. ಆ ಹೊತ್ತಿಗೆ ಕಾಬ್ ಆಯೋಗದ ಅಧ್ಯಕ್ಷರಾಗಿದ್ದವರು ಲೀಸಾ ಕ್ಯುಪಿಡ್. ಕ್ರೀಡಾಂಗಣಕ್ಕೆ ಬೇಡ ಅಂದವರೇ ಅದರ ನಷ್ಟದ ಬಗ್ಗೆ ಉತ್ತರ ಕೊಡಬೇಕಾಯಿತು.

ಅದೇ ವರ್ಷ ಬ್ರೇವ್ಸ್ ವಿಶ್ವ ಸರಣಿ, ಅಂದರೆ ಮೇಜರ್ ಲೀಗ್‌ನ ಅಂತಿಮ ಸರಣಿ, ಗೆದ್ದಿತು. ಅದರ ಮೂರು ಪಂದ್ಯ ಟ್ರೂಯಿಸ್ಟ್ ಪಾರ್ಕ್‌ನಲ್ಲೇ ನಡೆದವು, ಕಾನೂನು ಇದ್ದ ಹಾಗೇ ಇತ್ತು. 2023ರ ನವೆಂಬರ್‌ನಲ್ಲಿ ಮೇಜರ್ ಲೀಗ್ 2025ರ ಆಲ್‌ಸ್ಟಾರ್ ಅಟ್ಲಾಂಟಾಗೆ ಅಂತ ಘೋಷಿಸಿತು. ಆಗಲೂ ಕಾನೂನು ಜಾರಿಯಲ್ಲೇ ಇತ್ತು. ಏನು ಬದಲಾಯಿತು ಅಂತ ಕಾನೂನಿನ ಪರ ಇದ್ದವರೂ ಕೇಳಿದರು, ವಿರುದ್ಧ ಇದ್ದವರೂ ಕೇಳಿದರು. ಇಬ್ಬರಿಗೂ ಸರಿಯಾದ ಉತ್ತರ ಸಿಗಲಿಲ್ಲ.

2021ರ ಜನವರಿಯಲ್ಲಿ ಹ್ಯಾಂಕ್ ಆರನ್ ತೀರಿಕೊಂಡಿದ್ದರು. ಆ ವರ್ಷದ ಆಲ್‌ಸ್ಟಾರ್ ಅವರ ಊರಿನಲ್ಲಿ, ಅವರ ನೆನಪಿನಲ್ಲಿ ನಡೆಯಬೇಕಿತ್ತು. ಅದು ನಡೆದದ್ದು 2025ರಲ್ಲಿ. ಪಂದ್ಯದ ನಡುವೆ ದೀಪ ಆರಿಸಿ, 715ನೇ ಹೊಡೆತವನ್ನು ಬೆಳಕಿನಲ್ಲಿ ಮೈದಾನದ ಮೇಲೇ ಮೂಡಿಸಿದರು. ಕ್ರೀಡಾಂಗಣ ಪೂರ್ತಿ ಎದ್ದು ನಿಂತಿತು.

ಆ ಚೆಂಡು ನಿಜವಾಗಿ ಬೇಲಿ ದಾಟಿದ ಜಾಗ ಅಲ್ಲಿಂದ ಹದಿನೈದು ಕಿಲೋಮೀಟರ್‌ಗೂ ದೂರ, ಸಮ್ಮರ್‌ಹಿಲ್‌ನಲ್ಲಿದೆ. ಹಳೆಯ ಕ್ರೀಡಾಂಗಣ ಕೆಡವಿದ ಮೇಲೆ ಅದು ಪಾರ್ಕಿಂಗ್ ಜಾಗ ಆಯಿತು. ಚೆಂಡು ದಾಟಿದ ಕಡೆ ಬೇಲಿಯ ಒಂದು ತುಂಡು ಬಿಟ್ಟು, 715 ಅಂತ ಬರೆದು ಇಟ್ಟರು. ಟರ್ನರ್ ಫೀಲ್ಡ್ ಈಗ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನ. ಆ ಪಾರ್ಕಿಂಗ್ ಜಾಗದಲ್ಲಿ, 715ರ ಗುರುತನ್ನು ಉಳಿಸಿಕೊಂಡು, ತನ್ನ ಹುಡುಗರಿಗೆ ಬೇಸ್‌ಬಾಲ್ ಮೈದಾನ ಕಟ್ಟುವ ಯೋಜನೆಯನ್ನು ವಿಶ್ವವಿದ್ಯಾಲಯ ಹಾಕಿಕೊಂಡಿತು.